ಮಗುವಿನ ಜೀವನಾಂಶ ಬಾಕಿ: ಆದೇಶ ಕೈಯಲ್ಲಿದ್ದೂ ಹಣ ಬಾರದಿದ್ದಾಗ

ಕೋರ್ಟಿನಿಂದ ಜೀವನಾಂಶದ ಆದೇಶ ಸಿಕ್ಕ ಮೇಲೆ ಎರಡು ಮೂರು ತಿಂಗಳು ಹಣ ಬರುತ್ತದೆ. ಆಮೇಲೆ ಅರ್ಧ ಬರುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಇಂದು ಕೊಡುತ್ತಾರೆ, ಮುಂದಿನ ತಿಂಗಳು ಕೊಡುತ್ತಾರೆ ಎಂದು ಕಾಯುತ್ತಾ ಎಷ್ಟೋ ತಾಯಂದಿರು ವರ್ಷವನ್ನೇ ಕಳೆದುಬಿಡುತ್ತಾರೆ. ಆದೇಶ ಪಾಲನೆಯಾಯಿತೇ ಎಂದು ಕೋರ್ಟು ತಾನಾಗಿ ವಿಚಾರಿಸುವುದಿಲ್ಲ. ಹಣ ಬಂದಿಲ್ಲ ಎಂದು ಹೇಳಿ ಜಾರಿ ಅರ್ಜಿ ಹಾಕುವವರೆಗೆ ಫೈಲು ಅಲ್ಲಾಡುವುದಿಲ್ಲ. ಆ ಅರ್ಜಿಗೆ ಗಡುವಿದೆ, ಕ್ರಮವಿದೆ, ಜೊತೆಗೆ ಬೇಕಾದ ಮಾಹಿತಿಯಿದೆ. ಇವು ಸರಿಯಾಗಿದ್ದರೆ ಹಣ ವಸೂಲಿ ಮಾಡುವಷ್ಟು ಬಲ ಕಾನೂನಿನಲ್ಲಿ ಖಂಡಿತ ಇದೆ.

ಸಾಮಾನ್ಯವಾಗಿ ತಂದೆ ಕೊಡಬೇಕಾದವರು, ತಾಯಿ ಮಗುವಿನ ಪರವಾಗಿ ಕೇಳುವವರು ಆಗಿರುವುದರಿಂದ ಇಲ್ಲಿ ಹಾಗೆಯೇ ಇಟ್ಟುಕೊಂಡಿದ್ದೇವೆ. ತಂದೆಯ ಕಡೆಯಿಂದ ನೋಡುವವರಿಗೂ ಕೊನೆಯ ಭಾಗದಲ್ಲಿ ಹೇಳಬೇಕಾದದ್ದಿದೆ.

ಒಂದು ಮಾತು ಮೊದಲೇ. ಹಣ ಕೊಡುತ್ತಿಲ್ಲ ಎಂದು ಪೊಲೀಸ್ ಠಾಣೆಗೆ ದೂರು ಕೊಟ್ಟು ಪ್ರಯೋಜನವಿಲ್ಲ. ಜೀವನಾಂಶ ಬಾಕಿ ಉಳಿಸಿಕೊಳ್ಳುವುದು ಎಫ್‌ಐಆರ್ ದಾಖಲಿಸುವಂಥ ಅಪರಾಧವಲ್ಲ. ಪೊಲೀಸರ ಪಾತ್ರ ಶುರುವಾಗುವುದು ಕೋರ್ಟಿನ ವಾರಂಟ್ ಅವರ ಕೈಗೆ ಬಂದ ಮೇಲೆ.

ಆದೇಶ ಯಾವ ಕಾನೂನಿನದು ಎಂದು ನೋಡಿ

ಆದೇಶದ ಮೊದಲ ಪುಟದಲ್ಲೇ ಇದು ಗೊತ್ತಾಗುತ್ತದೆ. ಹೆಚ್ಚಿನವು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಅಡಿಯವು. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೆಯ 125 ಈಗ 144, ಹಳೆಯ 127 ಈಗ 146, ಹಳೆಯ 128 ಈಗ 147. ನಿಯಮದ ತಿರುಳು ಬದಲಾಗಿಲ್ಲ. ಹಳೆಯ ಕಲಂನಲ್ಲಿ ಸಿಕ್ಕ ಆದೇಶಕ್ಕೂ ಏನೂ ಕುಂದಿಲ್ಲ. ಅರ್ಜಿಯಲ್ಲಿ ಹಳೆಯದನ್ನೂ ಹೊಸದನ್ನೂ ಎರಡನ್ನೂ ನಮೂದಿಸಿದರೆ ಕಚೇರಿ ಆಕ್ಷೇಪಣೆ ಬರುವುದಿಲ್ಲ. ಈ ಕಲಂ ಎಲ್ಲ ಧರ್ಮದವರಿಗೂ ಅನ್ವಯ. ಮದುವೆಯಾಗದ ತಂದೆತಾಯಿಗೆ ಹುಟ್ಟಿದ ಮಗುವಿಗೂ ಇದರಲ್ಲಿ ಹಕ್ಕಿದೆ. ಮುಸ್ಲಿಂ ತಂದೆಯ ಮಕ್ಕಳಿಗೂ ಈ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 1997ರ ನೂರ್ ಸಬಾ ಖಾತೂನ್ ಪ್ರಕರಣದಲ್ಲೇ ಹೇಳಿದೆ.

ಎರಡನೆಯದು, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 20ನೇ ಕಲಂ. ಮೂರನೆಯದು, ಹಿಂದೂ ವಿವಾಹ ಕಾಯ್ದೆಯ 24 ಅಥವಾ 26ನೇ ಕಲಂ, ಇಲ್ಲವೇ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ. ಮೊದಲ ಎರಡು ಬಗೆಯವನ್ನು ವಾರಂಟಿನ ದಾರಿಯಲ್ಲಿ, ಅಂದರೆ ಆಸ್ತಿ ಜಪ್ತಿಗೆ ಅಥವಾ ಬಂಧನಕ್ಕೆ ಕೋರ್ಟು ಹೊರಡಿಸುವ ವಾರಂಟಿನ ಮೂಲಕ, ಜಾರಿ ಮಾಡಿಸುವುದು ರೂಢಿ. ಮೂರನೆಯ ಬಗೆಯವು ಸಿವಿಲ್ ಡಿಕ್ರಿಯಂತೆ (ಸಿವಿಲ್ ಕೋರ್ಟಿನ ತೀರ್ಮಾನದಂತೆ), ಅಂದರೆ ಅಮಲ್ಜಾರಿ ಅರ್ಜಿಯ ಮೂಲಕ ಜಾರಿಯಾಗುತ್ತವೆ. ಆದರೆ 2020ರ ನವೆಂಬರ್ 4ರಂದು ಬಂದ ರಜನೇಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಒಂದು ಅನುಕೂಲ ಮಾಡಿಕೊಟ್ಟಿದೆ: ಯಾವ ಕಾನೂನಿನ ಜೀವನಾಂಶ ಆದೇಶವಾದರೂ ಅದನ್ನು ಹಣದ ಡಿಕ್ರಿಯಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರವೂ ಜಾರಿ ಮಾಡಿಸಬಹುದು. ಹಾಗಾಗಿ 144ರ ಆದೇಶ ಇರುವವರಿಗೆ ಎರಡೂ ದಾರಿ ತೆರೆದಿದೆ.

ಮಧ್ಯಂತರ ಆದೇಶವೂ ಆದೇಶವೇ. ಮುಖ್ಯ ಕೇಸು ಮುಗಿಯುವವರೆಗೆ ಕಾಯಬೇಕಿಲ್ಲ. ಮಧ್ಯಂತರ ಜೀವನಾಂಶ ಬಾಕಿಯಾದಾಗಲೂ ಜಾರಿ ಅರ್ಜಿ ಹಾಕಬಹುದು.

ಒಂದು ವರ್ಷದ ಗಡುವು

ಹೆಚ್ಚು ಜನ ಹಣ ಕಳೆದುಕೊಳ್ಳುವುದು ಇಲ್ಲೇ. 144ನೇ ಕಲಂನ 3ನೇ ಉಪಕಲಂ ಪ್ರಕಾರ, ಹಣ ಯಾವ ದಿನ ಸಲ್ಲಬೇಕಿತ್ತೋ ಆ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ತಿಂಗಳ ಬಾಕಿಗೆ ವಾರಂಟ್ ಹೊರಡಿಸುವಂತಿಲ್ಲ. ಗಡುವು ಒಟ್ಟು ಬಾಕಿಗಲ್ಲ, ಪ್ರತಿ ತಿಂಗಳಿಗೂ ಬೇರೆ ಬೇರೆ.

ಲೆಕ್ಕ ಹಾಕಿ ನೋಡೋಣ. ಪ್ರತಿ ತಿಂಗಳ 10ನೇ ತಾರೀಖಿಗೆ 6,000 ರೂಪಾಯಿ ಕೊಡಬೇಕೆಂದು ಆದೇಶ. ಕೊನೆಯ ಸಲ ಹಣ ಬಂದದ್ದು 2025ರ ಮಾರ್ಚಿನಲ್ಲಿ. ತಾಯಿ ಅರ್ಜಿ ಹಾಕಿದ್ದು 2026ರ ಜೂನ್ 5ರಂದು. ಆಗ 2025ರ ಏಪ್ರಿಲ್ 10 ಮತ್ತು ಮೇ 10ರ ಕಂತುಗಳಿಗೆ ವರ್ಷ ದಾಟಿಹೋಗಿದೆ; ಆ 12,000 ರೂಪಾಯಿ ವಾರಂಟಿನ ದಾರಿಯಿಂದ ಹೊರಬಿತ್ತು. 2025ರ ಜೂನಿನಿಂದ 2026ರ ಮೇವರೆಗಿನ 12 ಕಂತು, ಅಂದರೆ 72,000 ರೂಪಾಯಿಗೆ ಮಾತ್ರ ವಾರಂಟ್ ಸಿಗುತ್ತದೆ. ಅದೇ ಅರ್ಜಿಯನ್ನು ಏಪ್ರಿಲ್ ಮೊದಲ ವಾರ ಹಾಕಿದ್ದರೆ ಒಂದು ಕಂತೂ ತಪ್ಪುತ್ತಿರಲಿಲ್ಲ.

ಹೊರಬಿದ್ದ 12,000 ಸತ್ತುಹೋದ ಹಣವಲ್ಲ. ಗಡುವು ಮುಗಿದರೆ ವಾರಂಟಿನ ದಾರಿ ಮಾತ್ರ ಮುಚ್ಚುತ್ತದೆ, ಹಕ್ಕು ಹೋಗುವುದಿಲ್ಲ ಎಂದು 2013ರ ಪೂಂಗೋಡಿ ವಿರುದ್ಧ ತಂಗವೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಿವಿಲ್ ಅಮಲ್ಜಾರಿಗೆ ಕಾಲಮಿತಿ ಕಾಯ್ದೆಯಲ್ಲಿ 12 ವರ್ಷ ಅವಕಾಶವಿದೆ. ಆದರೆ ಆ ದಾರಿಗೆ ಬೇರೆ ಅರ್ಜಿ, ಬೇರೆ ಓಡಾಟ. ಹಾಗಾಗಿ ಮೂರು ಕಂತು ತಪ್ಪಿದ ಕೂಡಲೇ ಅರ್ಜಿ ಹಾಕುವುದನ್ನು ನಿಯಮ ಮಾಡಿಕೊಳ್ಳಿ ಎಂಬುದು ನಮ್ಮ ಸಲಹೆ. ಬಾಕಿ ಸಣ್ಣದಿದ್ದಾಗ ವಸೂಲಿಯೂ ಸುಲಭ. ಒಂದೂವರೆ ಲಕ್ಷ ಆದ ಮೇಲೆ ಎದುರಿನವರು ಕೊಡುವ ಯೋಚನೆ ಬಿಟ್ಟು ತಪ್ಪಿಸಿಕೊಳ್ಳುವ ಯೋಚನೆ ಮಾಡುತ್ತಾರೆ.

ಅರ್ಜಿ ಒಮ್ಮೆ ಗಡುವಿನೊಳಗೆ ದಾಖಲಾದರೆ, ಅದು ನಡೆಯುತ್ತಿರುವಾಗ ಸೇರುತ್ತಾ ಹೋಗುವ ಬಾಕಿಗೆ ಪ್ರತಿ ವರ್ಷ ಹೊಸ ಅರ್ಜಿ ಬೇಕಿಲ್ಲ. ನಮ್ಮ ಕರ್ನಾಟಕದಿಂದಲೇ ಹೋದ, 2005ರಲ್ಲಿ ತೀರ್ಮಾನವಾದ ಶಾಂತಾ ಅಲಿಯಾಸ್ ಉಷಾದೇವಿ ವಿರುದ್ಧ ಬಿ.ಜಿ. ಶಿವಾನಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಿದೆ. ಅದೇ ಅರ್ಜಿಯಲ್ಲಿ ಪೂರಕ ಅರ್ಜಿ, ಜೊತೆಗೆ ಹೊಸ ಲೆಕ್ಕದ ಮೆಮೊ ಕೊಟ್ಟರೆ ಸಾಕು. ಇದಕ್ಕೇ ಹೇಳುವುದು, ನಡೆಯುತ್ತಿರುವ ಜಾರಿ ಅರ್ಜಿಯನ್ನು ಸುಮ್ಮನೆ ವಜಾ ಆಗಲು ಬಿಡಬಾರದು ಎಂದು. ಎರಡು ಹಿಯರಿಂಗ್ ತಪ್ಪಿಸಿ ಅರ್ಜಿ ವಜಾ ಆದರೆ ಆ ರಕ್ಷಣೆ ಹೋಗುತ್ತದೆ, ಹಳೆಯ ಕಂತುಗಳು ಮತ್ತೆ ಗಡುವಿನ ಹೊರಗೆ ಬೀಳುತ್ತವೆ.

ಆದೇಶ ಅರ್ಜಿಯ ದಿನಾಂಕದಿಂದ ಅನ್ವಯವಾಗುವಂತೆ ಬಂದಿದ್ದರೆ, ಅರ್ಜಿಯಿಂದ ಆದೇಶದವರೆಗಿನ ತಿಂಗಳುಗಳ ಮೊತ್ತವೆಲ್ಲ ಒಟ್ಟಿಗೆ ಸೇರಿರುತ್ತದೆ. ಆ ಇಡೀ ಮೊತ್ತಕ್ಕೆ ಆದೇಶವಾದ ದಿನದಿಂದ ವರ್ಷದೊಳಗೆ ಅರ್ಜಿ ಹಾಕಿಬಿಡಿ, ವಾದಕ್ಕೆ ಎಡೆ ಇಡಬೇಡಿ.

ಅರ್ಜಿಗೆ ಮುಂಚೆ ಕೂಡಿಸಿಕೊಳ್ಳುವುದು

ಆದೇಶದ ದೃಢೀಕೃತ ನಕಲು ಮೊದಲು. ಜೀವನಾಂಶದ ಆದೇಶದ ಒಂದು ನಕಲನ್ನು ಪಡೆಯುವವರಿಗೆ ಉಚಿತವಾಗಿ ಕೊಡಬೇಕು ಎಂದು 147ನೇ ಕಲಂ ಹೇಳುತ್ತದೆ; ಕೇಳಿ ಪಡೆಯಿರಿ. ಬ್ಯಾಂಕ್ ಪಾಸ್‌ಬುಕ್ ಅಥವಾ ಸ್ಟೇಟ್‌ಮೆಂಟ್ ಆದೇಶದ ದಿನದಿಂದ ಇಂದಿನವರೆಗೆ ಬೇಕು, ತುಂಡು ತುಂಡಾಗಿ ಅಲ್ಲ. ಮಗುವಿನ ಜನನ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ, ಹಣ ಕೇಳಿ ಕಳಿಸಿದ ಸಂದೇಶಗಳಿದ್ದರೆ ಅವುಗಳ ಪ್ರತಿ ಜೊತೆಗಿರಲಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಲೆಕ್ಕದ ಮೆಮೊ. ಏಳು ಕಾಲಂ ಇರಲಿ: ತಿಂಗಳು, ಕೊಡಬೇಕಿದ್ದ ದಿನ, ಕೊಡಬೇಕಿದ್ದ ಮೊತ್ತ, ಬಂದ ಮೊತ್ತ, ಬಂದ ದಿನ, ಆ ತಿಂಗಳ ಬಾಕಿ, ಅಲ್ಲಿಯವರೆಗಿನ ಒಟ್ಟು ಬಾಕಿ. ಯಾವ ತಿಂಗಳಿಗೆ ಎಂದು ಹೇಳದೆ 2,000 ರೂಪಾಯಿ ಹಾಕಿದ್ದರೆ ಅದನ್ನು ಅತಿ ಹಳೆಯ ಬಾಕಿಗೆ ಜಮಾ ಮಾಡಿ ತೋರಿಸಿ. ಗಡುವಿನ ದೃಷ್ಟಿಯಿಂದ ಅದೇ ಲಾಭ. ಬಂದ ಹಣವನ್ನು ಮಾತ್ರ ಮುಚ್ಚಿಡಬೇಡಿ. 500 ರೂಪಾಯಿಯ ಒಂದು ಫೋನ್‌ಪೇ ಪಾವತಿ ಲೆಕ್ಕದಲ್ಲಿಲ್ಲ ಎಂದು ಎದುರಿನ ವಕೀಲರು ತೋರಿಸಿಕೊಟ್ಟರೆ, ಇಡೀ ಲೆಕ್ಕದ ಮೇಲೆ ಅನುಮಾನ ಬಂದು ಎರಡು ಮೂರು ಹಿಯರಿಂಗ್ ಅದರಲ್ಲೇ ಹೋಗುತ್ತದೆ. ಹೆಂಡತಿಗೆ ಇಷ್ಟು, ಮಗುವಿಗೆ ಇಷ್ಟು ಎಂದು ಆದೇಶ ಬೇರೆ ಮಾಡಿದ್ದರೆ ಮೆಮೊದಲ್ಲೂ ಬೇರೆ ತೋರಿಸಿ. ನಾಳೆ ತಾಯಿಯ ಹಕ್ಕಿನ ಬಗ್ಗೆ ತಕರಾರು ಎದ್ದರೂ ಮಗುವಿನ ಭಾಗ ಅಲ್ಲಾಡುವುದಿಲ್ಲ.

ಆಮೇಲೆ ಎದುರುದಾರರ, ಅಂದರೆ ಹಣ ಕೊಡಬೇಕಾದವರ ಮಾಹಿತಿ. ವಾರಂಟ್‌ಗಳು ವಾಪಸಾಗುವ ದೊಡ್ಡ ಕಾರಣ ವಿಳಾಸ. "ಸದರಿ ವಿಳಾಸದಲ್ಲಿ ವಾಸವಿಲ್ಲ" ಎಂಬ ಷರಾ ಬರೆದು ಠಾಣೆಯಿಂದ ವಾಪಸ್ ಬಂದರೆ ಒಂದು ತಿಂಗಳು ಹೋದಂತೆ. ಈಗ ಇರುವ ಮನೆ, ಊರಿನ ಮನೆ, ಕೆಲಸದ ಜಾಗ, ಮೂರೂ ವಿಳಾಸ ಬರೆದು, ಪ್ರತಿಯೊಂದೂ ಯಾವ ಠಾಣೆಯ ಸರಹದ್ದಿಗೆ ಬರುತ್ತದೆ ಎಂದು ನಮೂದಿಸಿ. ಇತ್ತೀಚಿನ ಫೋಟೊ, ಮೊಬೈಲ್ ನಂಬರ್, ವಾಹನದ ನಂಬರ್ ಕೊಡಿ. ಮನೆಗೆ ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದೂ ವಾರಂಟ್ ಹಿಡಿದು ಹೋಗುವ ಪೇದೆಗೆ ಉಪಯೋಗಕ್ಕೆ ಬರುತ್ತದೆ.

ಆಸ್ತಿಯ ವಿವರವನ್ನೂ ನೀವೇ ಹುಡುಕಿಕೊಡಬೇಕು. ಜಮೀನು ಇದ್ದರೆ ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ತಂತ್ರಾಂಶದಲ್ಲಿ ಪಹಣಿ ಸಿಗುತ್ತದೆ. ನಿವೇಶನ, ಮನೆಗೆ ಉಪನೋಂದಣಿ ಕಚೇರಿಯಿಂದ ಅಥವಾ ಕಾವೇರಿ ತಂತ್ರಾಂಶದಿಂದ ಋಣಭಾರ ಪ್ರಮಾಣಪತ್ರ ತೆಗೆಸಿ; ಕೇಸು ಶುರುವಾದ ಮೇಲೆ ತಮ್ಮನ ಹೆಸರಿಗೋ ತಾಯಿಯ ಹೆಸರಿಗೋ ದಾನಪತ್ರ ಆಗಿದ್ದರೆ ಅದರಲ್ಲೇ ಕಾಣುತ್ತದೆ. ಮೂಲ ಕೇಸಿನಲ್ಲಿ ಅವರು ಸಲ್ಲಿಸಿದ ಆಸ್ತಿ ಮತ್ತು ಹೊಣೆಗಾರಿಕೆಯ ಅಫಿಡವಿಟ್ ಇದ್ದೇ ಇರುತ್ತದೆ, ರಜನೇಶ್ ತೀರ್ಪಿನ ನಂತರ ಅದು ಕಡ್ಡಾಯ. ಬ್ಯಾಂಕ್ ಖಾತೆ, ಕೆಲಸ ಕೊಟ್ಟ ಸಂಸ್ಥೆ, ವಾಹನ ಎಲ್ಲ ಅದರಲ್ಲಿ ಅವರೇ ಬರೆದುಕೊಟ್ಟಿರುತ್ತಾರೆ. ಅದರ ನಕಲು ತೆಗೆಸಿ ಓದಿ. ಆ ಕಾಗದವನ್ನು ಬಳಸದೆ ಬಿಡುವವರೇ ಹೆಚ್ಚು.

ವಕೀಲರ ಶುಲ್ಕ ಕೊಡುವ ಶಕ್ತಿ ಇಲ್ಲದವರು ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. ಸಹಾಯವಾಣಿ 15100. ಫ್ಯಾಮಿಲಿ ಕೋರ್ಟಿನಲ್ಲಿ ನೀವೇ ನಿಂತು ಹೇಳಿಕೊಳ್ಳಲೂ ಅವಕಾಶವಿದೆ.

ಎಫ್‌ಎಲ್‌ಡಬ್ಲ್ಯು, ಅದರ ನಂತರ ಬಂಧನದ ವಾರಂಟ್

ಆದೇಶ ಕೊಟ್ಟ ಕೋರ್ಟಿನಲ್ಲೇ ಅರ್ಜಿ ಹಾಕುವುದು ಸಾಮಾನ್ಯ ಕ್ರಮ: ಫ್ಯಾಮಿಲಿ ಕೋರ್ಟ್ ಇರುವಲ್ಲಿ ಅಲ್ಲಿ, ಇಲ್ಲದ ಕಡೆ ಮ್ಯಾಜಿಸ್ಟ್ರೇಟರ ಮುಂದೆ. ಎದುರುದಾರರು ಬೇರೆ ಊರಿನಲ್ಲೋ ಬೇರೆ ರಾಜ್ಯದಲ್ಲೋ ಇದ್ದರೆ, 147ನೇ ಕಲಂ ಪ್ರಕಾರ ಅವರಿರುವ ಜಾಗದ ಮ್ಯಾಜಿಸ್ಟ್ರೇಟರ ಮುಂದೆಯೂ ಆದೇಶದ ನಕಲು ತೋರಿಸಿ ಜಾರಿ ಮಾಡಿಸಬಹುದು. ಅಲ್ಲಿ ಸಾಬೀತು ಮಾಡಬೇಕಾದದ್ದು ಎರಡೇ ಸಂಗತಿ: ಇವರೇ ಆ ವ್ಯಕ್ತಿ, ಮತ್ತು ಹಣ ಕೊಟ್ಟಿಲ್ಲ.

ಅರ್ಜಿ ದಾಖಲಾದ ಮೇಲೆ ಸಾಮಾನ್ಯವಾಗಿ ಮೊದಲು ನೋಟಿಸು ಹೋಗುತ್ತದೆ. ಹಾಜರಾಗದಿದ್ದರೆ ಅಥವಾ ಹಾಜರಾಗಿಯೂ ಕಟ್ಟದಿದ್ದರೆ ಕೋರ್ಟು ಫೈನ್ ಲೆವಿ ವಾರಂಟ್ ಹೊರಡಿಸುತ್ತದೆ. ಕೋರ್ಟಿನ ಆವರಣದಲ್ಲಿ ಎಲ್ಲರ ಬಾಯಲ್ಲೂ ಇದು ಎಫ್‌ಎಲ್‌ಡಬ್ಲ್ಯು. ದಂಡವನ್ನು ವಸೂಲಿ ಮಾಡುವಂತೆಯೇ ಈ ಬಾಕಿಯನ್ನೂ ವಸೂಲಿ ಮಾಡುವ ವಾರಂಟ್ ಅದು. ನಾಗರಿಕ ಸುರಕ್ಷಾ ಸಂಹಿತೆಯ 461ನೇ ಕಲಂನಲ್ಲಿ ಎರಡು ಬಗೆ ಹೇಳಿದೆ. ಒಂದು, ಚರಾಸ್ತಿ ಜಪ್ತಿ ಮಾಡಿ ಮಾರುವುದು. ಇನ್ನೊಂದು, ಜಿಲ್ಲಾಧಿಕಾರಿಗೆ ವಾರಂಟ್ ಕಳಿಸಿ, ಭೂಕಂದಾಯ ಬಾಕಿಯಂತೆ ಚರ ಸ್ಥಿರ ಎರಡೂ ಆಸ್ತಿಯಿಂದ ವಸೂಲಿ ಮಾಡಿಸುವುದು. ಹೆಚ್ಚಿನ ಅರ್ಜಿಗಳಲ್ಲಿ ಬರೀ "ಎಫ್‌ಎಲ್‌ಡಬ್ಲ್ಯು ಹೊರಡಿಸಬೇಕು" ಎಂದಷ್ಟೇ ಕೇಳಿರುತ್ತಾರೆ. ಅದು ಠಾಣೆಗೆ ಹೋಗಿ "ಜಪ್ತಿ ಮಾಡಲು ಚರಾಸ್ತಿ ಇಲ್ಲ" ಎಂಬ ಷರಾದೊಂದಿಗೆ ವಾಪಸ್ ಬರುತ್ತದೆ. ಎದುರುದಾರರ ಹೆಸರಿನಲ್ಲಿ ಪಹಣಿ ಇದ್ದರೆ ಅದನ್ನು ಲಗತ್ತಿಸಿ, ಜಿಲ್ಲಾಧಿಕಾರಿಗೆ ವಾರಂಟ್ ಕಳಿಸಬೇಕೆಂದು ಸ್ಪಷ್ಟವಾಗಿ ಕೇಳಿ. ತಹಶೀಲ್ದಾರರ ಕಚೇರಿಯಿಂದ ಜಮೀನಿಗೆ ನೋಟಿಸು ಬಂತು ಎಂದರೆ ಮನೆಯ ಹಿರಿಯರೇ ಹಣ ಹೊಂದಿಸುವ ಮಾತಾಡುತ್ತಾರೆ.

ಜಪ್ತಿಗೆ ಏನೂ ಇಲ್ಲ, ನೇರ ಜೈಲಿಗೇ ಕಳಿಸಿ ಎಂದು ಅವಸರಪಡಬೇಡಿ. ವಾರಂಟ್ ಜಾರಿಯಾದ ಮೇಲೂ ಉಳಿದ ಬಾಕಿಗೆ ಮಾತ್ರ ಸೆರೆವಾಸ ಎಂದು ಕಲಂನಲ್ಲೇ ಇದೆ. ಎಫ್‌ಎಲ್‌ಡಬ್ಲ್ಯು ಹಂತವನ್ನು ಹಾರಿಸಿ ಜೈಲಿಗೆ ಕಳಿಸಿದರೆ, ಅದೇ ಕಾರಣ ಹಿಡಿದು ಹೈಕೋರ್ಟಿನಲ್ಲಿ ಆದೇಶ ರದ್ದು ಮಾಡಿಸುವ ಅವಕಾಶವನ್ನು ಎದುರಿನವರ ಕೈಗೆ ಕೊಟ್ಟಂತೆ.

ವಾರಂಟ್ ಆದೇಶವಾದ ದಿನವೇ ಪ್ರೊಸೆಸ್ ಫೀ (ವಾರಂಟ್ ಹೊರಡಿಸಲು ಕಟ್ಟುವ ಶುಲ್ಕ, ಪಿಎಫ್) ಕಟ್ಟಿದೆಯೇ ಎಂದು ವಕೀಲರನ್ನು ಕೇಳಿ. "ಪಿಎಫ್ ಕಟ್ಟಿದರೆ ವಾರಂಟ್ ಹೊರಡಿಸಿ" ಎಂಬ ಆದೇಶ ಬಂದು, ಫೀ ಕಟ್ಟದೆ ಮುಂದಿನ ತಾರೀಖಿಗೆ ಖಾಲಿ ಕೈಯಲ್ಲಿ ನಿಲ್ಲುವುದು ತೀರಾ ಸಾಮಾನ್ಯ. ವಾರಂಟ್ ಕೋರ್ಟಿನಿಂದ ಯಾವ ದಿನ, ಯಾವ ನಂಬರಿನಲ್ಲಿ ಹೊರಟಿತು, ಠಾಣೆಗೆ ಯಾವ ದಿನ ಮುಟ್ಟಿತು, ಎರಡನ್ನೂ ಬರೆದುಕೊಳ್ಳಿ. ಮುಂದಿನ ತಾರೀಖು, ಆ ದಿನದ ಆದೇಶ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸಿನ 16 ಅಕ್ಷರದ ಸಿಎನ್‌ಆರ್ ನಂಬರ್ ಹಾಕಿದರೆ ಕಾಣುತ್ತದೆ. ತಾರೀಖಿಗೆ ಹತ್ತು ದಿನ ಮುಂಚೆ ಠಾಣೆಗೆ ಹೋಗಿ ವಾರಂಟ್ ಯಾರ ಬಳಿ ಇದೆ ಎಂದು ವಿಚಾರಿಸಿ. ಪದೇ ಪದೇ ವಾಪಸಾಗುತ್ತಿದ್ದರೆ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಅಥವಾ ನಗರದಲ್ಲಾದರೆ ಕಮಿಷನರ್ ಮೂಲಕ ಜಾರಿ ಮಾಡಿಸಬೇಕೆಂದು ಕೋರ್ಟಿಗೆ ಮೆಮೊ ಹಾಕಿ.

ಎಫ್‌ಎಲ್‌ಡಬ್ಲ್ಯು ಫಲ ಕೊಡದಿದ್ದರೆ ಮುಂದಿನದು ಬಂಧನದ ವಾರಂಟ್, ಎನ್‌ಬಿಡಬ್ಲ್ಯು (ಜಾಮೀನುರಹಿತ ವಾರಂಟ್). ಇದು ಹೊರಟ ಮೇಲೆ ಎದುರುದಾರರು ವಕೀಲರ ಜೊತೆ ಬಂದು ವಾರಂಟ್ ರೀಕಾಲ್ ಮಾಡಿ, ಅಂದರೆ ಹಿಂದಕ್ಕೆ ಪಡೆಯಿರಿ ಎಂದು ಅರ್ಜಿ ಹಾಕುತ್ತಾರೆ. ಹಣ ಕೈಗೆ ಬರುವ ಸಾಧ್ಯತೆ ಅತಿ ಹೆಚ್ಚಿರುವುದು ಆ ದಿನವೇ. ಆ ದಿನ ನಿಮ್ಮ ಕಡೆಯವರು ಕೋರ್ಟಿನಲ್ಲಿ ಇರಲೇಬೇಕು. ಬಾಕಿಯ ಗಣನೀಯ ಭಾಗ ಇವತ್ತೇ ಕಟ್ಟಬೇಕು, ಉಳಿದದ್ದಕ್ಕೆ ತಾರೀಖು ನಿಗದಿಯಾಗಬೇಕು, ಅದು ತಪ್ಪಿದರೆ ವಾರಂಟ್ ಮತ್ತೆ ಜೀವಂತವಾಗಬೇಕು ಎಂಬ ಷರತ್ತಿನ ಮೇಲೆಯೇ ರೀಕಾಲ್ ಆಗಲಿ ಎಂದು ಕೇಳಿ. ಬರೀ "ಮುಂದಿನ ತಾರೀಖಿಗೆ ಕಟ್ಟುತ್ತೇನೆ" ಎಂಬ ಬಾಯಿಮಾತಿಗೆ ಒಪ್ಪಿ ಬಂದರೆ ಮತ್ತೆ ಆರು ತಿಂಗಳು ಹಿಂದಕ್ಕೆ.

ಹಣವನ್ನು ಬ್ಯಾಂಕ್ ಮೂಲಕ, ಡಿಡಿ ಮೂಲಕ ಅಥವಾ ಕೋರ್ಟಿನಲ್ಲಿ ಠೇವಣಿಯಾಗಿ ಪಡೆಯಿರಿ. ನಗದು ತೆಗೆದುಕೊಳ್ಳಲೇಬೇಕಾದರೆ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಬರೆದ ಮೆಮೊ ಕೋರ್ಟಿನ ದಾಖಲೆಗೆ ಸೇರಲಿ. "ಪೂರ್ಣ ಮತ್ತು ಅಂತಿಮ" ಎಂಬ ಪದ ಇರುವ ಯಾವ ಕಾಗದಕ್ಕೂ ಓದದೆ ಸಹಿ ಮಾಡಬೇಡಿ. ಮಗುವಿನ ಜೀವನಾಂಶ ಮಗುವಿನ ಹಕ್ಕು, ಅದನ್ನು ತಾಯಿ ಬರೆದುಕೊಟ್ಟು ಮುಗಿಸಲು ಬರುವುದಿಲ್ಲ. ಆದರೂ ಅಂಥ ಸಹಿ ಇದ್ದರೆ ಅದನ್ನು ಬಿಡಿಸಿಕೊಳ್ಳಲು ಮತ್ತೆ ವಾದ ಮಾಡಬೇಕಾಗುತ್ತದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ತಪ್ಪಿಲ್ಲ, ಆದರೆ ಕೊನೆಯ ಕಂತು ಖಾತೆಗೆ ಬೀಳುವವರೆಗೆ ಜಾರಿ ಅರ್ಜಿ ಮುಕ್ತಾಯ ಮಾಡಿಕೊಳ್ಳಬೇಡಿ.

ಜೈಲಿಗೆ ಹೋಗಿ ಬಂದರೆ ಬಾಕಿ ತೀರುತ್ತದೆಯೇ

ತೀರುವುದಿಲ್ಲ. ಊರಲ್ಲಿ ಎಲ್ಲರೂ ಹೇಳುವ "ಒಂದು ತಿಂಗಳು ಒಳಗಿದ್ದು ಬಂದರೆ ಮುಗಿಯಿತು" ಎಂಬ ಮಾತು ತಪ್ಪು. 1989ರ ಕುಲದೀಪ್ ಕೌರ್ ವಿರುದ್ಧ ಸುರಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ: ಸೆರೆವಾಸ ಹಣ ಕೊಡಿಸುವ ಸಾಧನ, ಹಣದ ಬದಲಿಗೆ ಅನುಭವಿಸುವ ಶಿಕ್ಷೆಯಲ್ಲ. ಹಣ ಕೊಟ್ಟರಷ್ಟೇ ಸಾಲ ತೀರುತ್ತದೆ.

ಅವಧಿ ಒಂದು ತಿಂಗಳವರೆಗೆ, ಅಥವಾ ಅದಕ್ಕೆ ಮೊದಲೇ ಹಣ ಕಟ್ಟಿದರೆ ಅಲ್ಲಿಯವರೆಗೆ. ಮ್ಯಾಜಿಸ್ಟ್ರೇಟರು ಒಂದು ತಿಂಗಳಿಗಿಂತ ಹೆಚ್ಚು ವಿಧಿಸುವಂತಿಲ್ಲ, ಆ ಅವಧಿ ಮುಗಿದ ಮೇಲೂ ಕೊಡದಿದ್ದರೆ ಪತ್ನಿ ಮತ್ತೆ ಅದೇ ಪರಿಹಾರ ಕೇಳಬಹುದು ಎಂದು 1999ರ ಶಹದಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ತಪ್ಪಿದ ಪ್ರತಿ ತಿಂಗಳಿಗೂ ಒಂದೊಂದು ತಿಂಗಳು ಎಂದು ಓದಿದ ಹೈಕೋರ್ಟುಗಳೂ ಇವೆ. ನಿಮ್ಮ ವಕೀಲರು ಅದರ ಮೇಲೆ ವಾದಿಸಬಹುದು, ಆದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ. ಜೈಲಿನಲ್ಲಿರುವವರು ದುಡಿಯುವುದಿಲ್ಲ, ಮಗುವಿನ ಶಾಲೆಯ ಫೀಸು ಅಲ್ಲಿಂದ ಬರುವುದಿಲ್ಲ. ದುಡ್ಡಿದ್ದೂ ಹಟಕ್ಕೆ ಕೊಡದವರ ಮೇಲೆ ಮಾತ್ರ ಸೆರೆವಾಸದ ಭಯ ಕೆಲಸ ಮಾಡುತ್ತದೆ. ಸಂಬಳದವರಿಗೆ ಅದಕ್ಕಿಂತ ಬಲವಾದ ದಾರಿ ಬೇರೆ ಇದೆ.

ಸಂಬಳ ಜಪ್ತಿ

ಎದುರುದಾರರು ಸರ್ಕಾರಿ ನೌಕರಿಯಲ್ಲಿದ್ದರೆ ಅಥವಾ ಖಾತೆಗೆ ಸಂಬಳ ಬೀಳುವ ಖಾಸಗಿ ಕೆಲಸದಲ್ಲಿದ್ದರೆ ಮೊದಲು ನೋಡಬೇಕಾದ ದಾರಿ ಇದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದಲ್ಲಿ (ಆರ್ಡರ್ 21 ಎಂಬ ಅಧ್ಯಾಯದಲ್ಲಿ) ಸರ್ಕಾರಿ ನೌಕರರಿಗೆ 48ನೇ ನಿಯಮ, ಖಾಸಗಿ ನೌಕರರಿಗೆ 48ಎ ನಿಯಮ. ಕೋರ್ಟಿನ ಆದೇಶ ಸಂಬಳ ಬಟವಾಡೆ ಮಾಡುವ ಅಧಿಕಾರಿಗೆ ಹೋಗುತ್ತದೆ. ಅವರು ಪ್ರತಿ ತಿಂಗಳು ಹಿಡಿದು ಕೋರ್ಟಿಗೆ ಕಳಿಸಬೇಕು. ಆದೇಶ ತಲುಪಿದ ಮೇಲೂ ಪೂರ್ತಿ ಸಂಬಳ ನೌಕರನಿಗೇ ಕೊಟ್ಟರೆ ಆ ಮೊತ್ತಕ್ಕೆ ಉದ್ಯೋಗದಾತರೇ ಹೊಣೆಯಾಗುತ್ತಾರೆ.

ಅದೇ ಸಂಹಿತೆಯ 60ನೇ ಕಲಂ ಪ್ರಕಾರ ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೇ ಒಂದು ಭಾಗವನ್ನು ಮಾತ್ರ ಮುಟ್ಟುವಂತಿಲ್ಲ. 30,000 ರೂಪಾಯಿ ಜಪ್ತಿಗೆ ಲೆಕ್ಕಕ್ಕೆ ಬರುವ ಸಂಬಳವಾದರೆ 10,000 ಬಿಟ್ಟು ಉಳಿದ 20,000ದವರೆಗೆ ಹಿಡಿಯಬಹುದು. ಸಾಮಾನ್ಯ ಸಾಲದ ಡಿಕ್ರಿಯಲ್ಲಿ 24 ತಿಂಗಳು ಹಿಡಿದ ಮೇಲೆ 12 ತಿಂಗಳು ಬಿಡುವು ಕೊಡಬೇಕೆಂಬ ನಿಯಮವಿದೆ. ಜೀವನಾಂಶಕ್ಕೆ ಆ ಬಿಡುವಿಲ್ಲ. ಭವಿಷ್ಯನಿಧಿಯ ಹಣ ಮತ್ತು ಸರ್ಕಾರಿ ಪಿಂಚಣಿ ಈ ಕಲಂನಲ್ಲಿ ಜಪ್ತಿಯಿಂದ ಹೊರಗಿವೆ, ಅವುಗಳ ಮೇಲೆ ಅರ್ಜಿ ಹಾಕಿ ಸಮಯ ಕಳೆಯಬೇಡಿ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಆದೇಶವಿದ್ದರೆ 20ನೇ ಕಲಂನ 6ನೇ ಉಪಕಲಂನಲ್ಲಿ ಮ್ಯಾಜಿಸ್ಟ್ರೇಟರೇ ಉದ್ಯೋಗದಾತರಿಗೆ ನೇರವಾಗಿ ನಿಮಗೇ ಹಣ ಕೊಡುವಂತೆ ಆದೇಶಿಸಬಹುದು. ಇದು ಇನ್ನೂ ಹತ್ತಿರದ ದಾರಿ.

ಅರ್ಜಿಯಲ್ಲಿ ಕಚೇರಿಯ ಪೂರ್ತಿ ಹೆಸರು, ನೌಕರನ ಹುದ್ದೆ, ಗೊತ್ತಿದ್ದರೆ ನೌಕರರ ಸಂಖ್ಯೆ, ಬಟವಾಡೆ ಅಧಿಕಾರಿಯ ಪದನಾಮ ಇರಲಿ. ವರ್ಗಾವಣೆಯಾದ ಹಳೆಯ ಕಚೇರಿಗೆ ಆದೇಶ ಹೋಗಿ ಅಲ್ಲೇ ಧೂಳು ತಿನ್ನುವುದನ್ನು ಇದು ತಪ್ಪಿಸುತ್ತದೆ. ಬ್ಯಾಂಕ್ ಖಾತೆಯ ಜಪ್ತಿಗೂ ಇದೇ ಅಮಲ್ಜಾರಿ ಅರ್ಜಿಯಲ್ಲಿ ಕೇಳಬಹುದು. ಶಾಖೆಯ ಹೆಸರು, ಖಾತೆ ಸಂಖ್ಯೆ ಬೇಕು. ಶಕ್ತಿಯಿದ್ದೂ ಕೊಡದವರನ್ನು ಸಿವಿಲ್ ಸೆರೆಯಲ್ಲಿ, ಮೊತ್ತ 5,000 ರೂಪಾಯಿ ಮೀರಿದ್ದರೆ 3 ತಿಂಗಳವರೆಗೆ ಇಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 58ನೇ ಕಲಂನಲ್ಲಿ ಅವಕಾಶವಿದೆ. ಅದರಿಂದಲೂ ಬಾಕಿ ಮನ್ನಾ ಆಗುವುದಿಲ್ಲ.

ವಿದೇಶದಲ್ಲಿರುವವರ ವಿಷಯ ಕಷ್ಟದ್ದೇ. ಇಲ್ಲಿ ಅವರ ಹೆಸರಿನಲ್ಲಿ ಜಮೀನು, ನಿವೇಶನ, ಖಾತೆ ಇದ್ದರೆ ಅದನ್ನೇ ಹಿಡಿಯುವುದು ಬೇಗ ಫಲ ಕೊಡುತ್ತದೆ. ಬಂಧನದ ವಾರಂಟ್ ಬಾಕಿ ಇದ್ದರೆ ಪಾಸ್‌ಪೋರ್ಟ್ ವಶಪಡಿಸಿಕೊಳ್ಳಲು 1967ರ ಪಾಸ್‌ಪೋರ್ಟ್ ಕಾಯ್ದೆಯ 10ನೇ ಕಲಂನಲ್ಲಿ ಪ್ರಾಧಿಕಾರಕ್ಕೆ ಅಧಿಕಾರವಿದೆ. ವಾರಂಟಿನ ದೃಢೀಕೃತ ನಕಲಿನೊಂದಿಗೆ ಬರೆಯಿರಿ.

ಕೇಳಿಬರುವ ನೆಪಗಳು

"ಮಗುವನ್ನು ತೋರಿಸುವುದಿಲ್ಲ, ಅದಕ್ಕೇ ಕೊಡುವುದಿಲ್ಲ." ಭೇಟಿಯ ಹಕ್ಕಿಗೆ ಬೇರೆ ಅರ್ಜಿಯಿದೆ, ಮಗುವಿನ ಊಟಕ್ಕೂ ಅದಕ್ಕೂ ಕೊಂಡಿಯಿಲ್ಲ. ಹಾಗೆಯೇ, ಹಣ ಬಂದಿಲ್ಲವೆಂದು ಕೋರ್ಟು ಕೊಟ್ಟ ಭೇಟಿಯನ್ನು ತಾಯಿಯೂ ತಡೆಯುವಂತಿಲ್ಲ. ತಡೆದರೆ ನಿಮ್ಮ ಬಲವಾದ ಕೇಸನ್ನು ನೀವೇ ಸಡಿಲ ಮಾಡಿಕೊಂಡಂತೆ.

"ಕೆಲಸ ಇಲ್ಲ." ಕೈಕಾಲು ಗಟ್ಟಿಯಿರುವವರು ಕೂಲಿ ಮಾಡಿಯಾದರೂ ಸಾಕಬೇಕು ಎಂದು 2022ರ ಅಂಜು ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. "ಮನೆ ಸಾಲದ ಇಎಂಐ ಇದೆ", "ಎರಡನೇ ಮದುವೆಯಾಗಿದೆ" ಎಂಬುವೂ ಜಾರಿಯ ಹಂತದಲ್ಲಿ ನಿಲ್ಲುವುದಿಲ್ಲ. ಅವನ್ನು ಮೊತ್ತ ನಿಗದಿಯಾಗುವಾಗ ಹೇಳಬೇಕಿತ್ತು.

"ಹೈಕೋರ್ಟಿಗೆ ಹೋಗಿದ್ದೇನೆ." ತಡೆಯಾಜ್ಞೆ ಎಲ್ಲಿದೆ ಎಂದು ಕೇಳಿ. ಮೇಲ್ಮನವಿ ಅಥವಾ ರಿವಿಜನ್ ಹಾಕಿದ ಮಾತ್ರಕ್ಕೆ ಜಾರಿ ನಿಲ್ಲುವುದಿಲ್ಲ. ಏಕಪಕ್ಷೀಯ ಆದೇಶವಾಗಿದ್ದರೆ ಅದನ್ನು ರದ್ದುಗೊಳಿಸಲು ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ವಾರಂಟ್ ಬಂದ ಮೇಲೆ ಎಚ್ಚೆತ್ತು ಬರುವವರೇ ಹೆಚ್ಚು. ಬಾಕಿಯ ಒಂದು ಪಾಲನ್ನು ಠೇವಣಿ ಇಡುವ ಷರತ್ತಿನ ಮೇಲೆಯೇ ಅಂಥ ಅರ್ಜಿ ಪರಿಗಣಿಸಬೇಕೆಂದು ಆಕ್ಷೇಪಣೆಯಲ್ಲಿ ಕೇಳಿ.

"ಶಾಲೆಗೆ ಬ್ಯಾಗು ಕೊಡಿಸಿದ್ದೇನೆ, ಹಬ್ಬಕ್ಕೆ ಬಟ್ಟೆ ತಂದಿದ್ದೇನೆ." ಆದೇಶದಲ್ಲಿ ಹೇಳದ ಹೊರತು ಉಡುಗೊರೆ ಜೀವನಾಂಶದ ಕಂತಲ್ಲ.

ಕೊಡಬೇಕಾದವರು ನೀವಾಗಿದ್ದರೆ

ಆದಾಯ ನಿಜವಾಗಿ ಕುಸಿದಿದ್ದರೆ ಕೊಡುವುದನ್ನು ನಿಲ್ಲಿಸಿ ಕೂರುವುದೇ ದೊಡ್ಡ ತಪ್ಪು. 146ನೇ ಕಲಂ ಅಡಿ ಮೊತ್ತ ಕಡಿಮೆ ಮಾಡಲು ಅರ್ಜಿ ಹಾಕಿ. ಕೆಲಸದಿಂದ ತೆಗೆದ ಪತ್ರ, ಆಸ್ಪತ್ರೆಯ ದಾಖಲೆ, ಹಿಂದಿನ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿರಲಿ. ಈಗಾಗಲೇ ಸೇರಿದ ಬಾಕಿಯನ್ನು ಆ ಅರ್ಜಿ ಅಳಿಸಿಹಾಕುತ್ತದೆ ಎಂದುಕೊಳ್ಳಬೇಡಿ. ಹಾಗಾಗಿ ಕೆಲಸ ಹೋದ ತಿಂಗಳೇ ಹಾಕಿ, ಎಂಟು ತಿಂಗಳು ಬಿಟ್ಟಲ್ಲ. ಅರ್ಜಿ ನಡೆಯುವಾಗಲೂ ಕೈಲಾದಷ್ಟು ಪ್ರತಿ ತಿಂಗಳು ಬ್ಯಾಂಕ್ ಮೂಲಕ ಕಳಿಸುತ್ತಾ, ಯಾವ ತಿಂಗಳಿಗೆ ಎಂದು ನಮೂದಿಸಿ. 6,000ದಲ್ಲಿ 2,500 ಪ್ರತಿ ತಿಂಗಳು ಕಳಿಸಿದವರಿಗೂ ಒಂದು ರೂಪಾಯಿ ಕಳಿಸದವರಿಗೂ ಕೋರ್ಟು ಒಂದೇ ಕಣ್ಣಿನಿಂದ ನೋಡುವುದಿಲ್ಲ: ಸಾಕಷ್ಟು ಕಾರಣವಿಲ್ಲದೆ ತಪ್ಪಿದವರಿಗೆ ಮಾತ್ರ ಈ ವಾರಂಟ್ ಎಂದು ಕಲಂನಲ್ಲೇ ಇದೆ.

ವಾರಂಟ್ ಇದೆ ಎಂದು ಗೊತ್ತಾದರೆ ಊರು ಬಿಡಬೇಡಿ. ವಕೀಲರೊಂದಿಗೆ ತಾವಾಗಿಯೇ ಹಾಜರಾಗಿ, ಒಂದಿಷ್ಟು ಹಣ ಕಟ್ಟಿ, ಉಳಿದದ್ದಕ್ಕೆ ಕಂತು ಕೇಳಿದರೆ ಹೆಚ್ಚಿನ ಕೋರ್ಟುಗಳು ಅವಕಾಶ ಕೊಡುತ್ತವೆ. ಬೇಕೆಂದೇ ತಪ್ಪಿಸಿಕೊಂಡು ತಿರುಗಿದವರ ಪ್ರತಿವಾದವನ್ನೇ ಮುಖ್ಯ ಕೇಸಿನಲ್ಲಿ ತೆಗೆದುಹಾಕುವ ಅಧಿಕಾರವೂ ಕೋರ್ಟಿಗಿದೆ. ಕೊನೆಯ ಅಸ್ತ್ರವಾಗಿ ಅದನ್ನು ಬಳಸಬಹುದೆಂದು ರಜನೇಶ್ ತೀರ್ಪು ಹೇಳುತ್ತದೆ.

ಮಗುವಿಗೆ 18 ತುಂಬುವ ಹೊತ್ತಿಗೆ

144ರ ಆದೇಶದಲ್ಲಿ ಮುಂದಿನ ಕಂತುಗಳು 18ಕ್ಕೆ ನಿಲ್ಲುತ್ತವೆ. ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ತನ್ನನ್ನು ಸಾಕಿಕೊಳ್ಳಲಾಗದ ಮಕ್ಕಳಿಗೆ ಮಾತ್ರ ಮುಂದುವರಿಯುತ್ತದೆ. ಹಿಂದೂ ಹೆಣ್ಣುಮಕ್ಕಳು 1956ರ ಕಾಯ್ದೆಯ 20ನೇ ಕಲಂನಲ್ಲಿ, ತಮ್ಮನ್ನು ಸಾಕಿಕೊಳ್ಳಲಾಗದಿದ್ದರೆ ಮದುವೆಯಾಗುವವರೆಗೆ ಕೇಳಬಹುದು. ಅದಕ್ಕೆ ಬೇರೆ ಅರ್ಜಿ ಬೇಕು ಎಂದು 2020ರ ಅಭಿಲಾಷಾ ವಿರುದ್ಧ ಪ್ರಕಾಶ್ ತೀರ್ಪಿನಿಂದ ಸ್ಪಷ್ಟವಾಗಿದೆ. 18ಕ್ಕೆ ಮುಂಚಿನ ಬಾಕಿ ಹಾಗೆಯೇ ಉಳಿಯುತ್ತದೆ, ಅದಕ್ಕೆ ಜಾರಿ ಅರ್ಜಿಯೂ ನಡೆಯುತ್ತದೆ. ಹುಟ್ಟುಹಬ್ಬಕ್ಕೆ ಆರು ತಿಂಗಳಿರುವಾಗಲೇ ಲೆಕ್ಕದ ಮೆಮೊ ತೆಗೆದು ನೋಡಿ, ಗಡುವಿನ ಅಂಚಿನಲ್ಲಿರುವ ಕಂತುಗಳಿಗೆ ಅರ್ಜಿ ಹಾಕಿಬಿಡಿ. 18 ತುಂಬಿದ ಮಗ ಅಥವಾ ಮಗಳು ತಾವೇ ಅರ್ಜಿದಾರರಾಗಿ ದಾಖಲೆಗೆ ಸೇರಬೇಕಾಗಬಹುದು. ವಯಸ್ಸಿನ ದಾಖಲೆ ಮತ್ತು ವಕಾಲತ್ತನ್ನು ಮುಂದಿನ ತಾರೀಖಿಗೆ ಮುಂಚೆಯೇ ಸಿದ್ಧಮಾಡಿಡಿ.